ಗೇಟಿಗೆ ನಿಂತ ಮೇಸ್ತ್ರಿ

ಕುಂದಾಪುರದಿಂದ ಬೈಂದೂರಿಗೆ ಬರುವ ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಹರಿದು ಕೊಡುತ್ತ ಹೇಳಿದ: "ಮಾಷ್ಟ್ರೆ, ನಿಮ್ಮ ಮರವಂತೆ ಮೇಸ್ತ್ರಿ ಹೋರಂಬ್ರಲೆ. ಮೊನ್ನೆ ಸುಕ್ರವಾರ." ನಾನು "ಹೌದಾ" ಎಂದೆ. ಮೇಸ್ತ್ರಿ ತೀರಿಹೋದ ಸುದ್ದಿ ನನಗೆ ಸಿಕ್ಕಿದ್ದು ಹೀಗೆ, ಬಸ್ಸಿನಲ್ಲಿ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವನು ನಾನು, ಮಾಷ್ಟ್ರೆ ಎಂದು ಕರೆಸಿಕೊಂಡು ಅಭ್ಯಾಸ. ಆದರೆ ಆತ "ನಿಮ್ಮ ಮೇಸ್ತ್ರಿ" ಎಂದನಲ್ಲ, ಅದು ಚುಚ್ಚಿತು. ನಮ್ಮ ಮೇಸ್ತ್ರಿ ಎಂದು ಹೇಳಿಕೊಳ್ಳುವ ಯೋಗ್ಯತೆ ನನಗೆ ಉಳಿದಿರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೇಳಬೇಡಿ ಎಂದದ್ದನ್ನು ಒಮ್ಮೆ ಹೇಳಿ ಮಾಡಿದ ಅನಾಹುತವೇ ಸಾಕಷ್ಟಾಗಿದೆ.

ತೊಂಬತ್ತೇಳರಲ್ಲಿ ನಾನು ಬ್ರಹ್ಮಾವರದ ಭಾವನಿಂದ ಹಳೆಯ ಕಾರೊಂದನ್ನು ಕೊಂಡೆ. ಯಡ್ತರೆಯ ನಮ್ಮ ಮನೆಯ ಅಂಗಳದಲ್ಲಿ ಅದು ಬಹಳ ಚಂದ ಸ್ಟಾರ್ಟ್ ಆಗುತ್ತಿತ್ತು. ಮರವಂತೆಯಲ್ಲಿ ಕಡಲು ನೋಡೋಣ ಎಂದು ನಿಲ್ಲಿಸಿದರೆ ಮಾತ್ರ ಮತ್ತೆ ಏಳುತ್ತಿರಲಿಲ್ಲ. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಹೆದ್ದಾರಿಯಲ್ಲಿ ಹೆಂಡತಿ ಮಕ್ಕಳೊಡನೆ ಕಾರು ದೂಡುವ ವಿಜ್ಞಾನ ಮಾಷ್ಟ್ರು. ಬಸ್ಸಿನ ಕಿಟಕಿಯಿಂದ ನನ್ನ ವಿದ್ಯಾರ್ಥಿಗಳೇ ಕೈಬೀಸಿದ್ದುಂಟು. ಹೀಗೆ ದೂಡುತ್ತ ದೂಡುತ್ತ ಒಂದು ದಿನ ಸಿಕ್ಕಿದ್ದು ಮೇಸ್ತ್ರಿಯ ಗ್ಯಾರೇಜು. ಗ್ಯಾರೇಜು ಎಂದರೆ ನಾಲ್ಕು ತೆಂಗಿನ ಕಂಬ, ಮೇಲೆ ತಗಡು, ಹಿಂದೆ ಅವರ ಮನೆ ಮತ್ತು ಬಾವಿ. ಬಿಚ್ಚಿದ ಸ್ಕ್ರೂಗಳನ್ನು ತೆಂಗಿನ ಗರಟೆಗಳಲ್ಲಿ ಹಾಕಿ ಸಾಲಾಗಿ ಇಟ್ಟಿದ್ದರು, ಒಂದೊಂದು ಗಾಡಿಗೆ ಒಂದೊಂದು ಗರಟೆ.

ನಾನು ಬಾನೆಟ್ ಎತ್ತಲು ಹೋದೆ.

"ಅದ್ ಮುಚ್ಚಿ ಮಾಷ್ಟ್ರೆ. ಮೊದ್ಲ್ ಕತೆ ಹೇಳಿ," ಎಂದರು.

ಕತೆ ಎಂದರೆ ಗಾಡಿಯ ಕತೆ. ಬೆಳಿಗ್ಗೆ ಒಂದೇ ಸಲಕ್ಕೆ ಏಳುತ್ತದೆಯೇ, ಬಿಸಿಯಾದ ಮೇಲೆ ಮಾತ್ರ ಹಟವೇ, ಮಳೆ ಬಂದ ದಿನ ಹೇಗೆ, ಎಷ್ಟು ಹೊತ್ತು ಬಿಟ್ಟರೆ ಸರಿಹೋಗುತ್ತದೆ, ನಿಲ್ಲುವ ಮೊದಲು ಕೆಮ್ಮುತ್ತದೆಯೇ ಇಲ್ಲ ಸುಮ್ಮನೆ ನಿಲ್ಲುತ್ತದೆಯೇ. ನಾನು ತಪ್ಪು ಹೇಳಿದರೆ ಮತ್ತೆ ಕೇಳುತ್ತಿದ್ದರು. ಕತೆ ಮುಗಿದ ಮೇಲೆ ನನ್ನನ್ನು ಒಳಗೆ ಕೂರಿಸಿ ಕೀಲಿ ತಿರುಗಿಸಲು ಹೇಳಿ, ತಾವು ಉದ್ದದ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿ ಒಂದು ಕಣ್ಣು ಮುಚ್ಚಿ ನಿಂತರು. ಆಗ ಯಾರಾದರೂ ಮಾತಾಡಿದರೆ ಬೈಗುಳ ಗ್ಯಾರಂಟಿ. ಊರಿನ ದೊಡ್ಡ ಹೋಟೆಲಿನವರೊಬ್ಬರಿಗೇ ಬೈಗುಳ ಬಿದ್ದದ್ದನ್ನು ನಾನು ಕಂಡಿದ್ದೇನೆ. ನನ್ನ ಕಾರಿನ ಕಾಯಿಲೆ ಎಂಜಿನ್ನಿಗೆ ಪೆಟ್ರೋಲ್ ಎತ್ತುವ ಪಂಪಿನದು ಎಂದು ಅವರು ಐದು ನಿಮಿಷದಲ್ಲಿ ಹೇಳಿದರು, ಅದೇ ಆಗಿತ್ತು.

ಅವರ ಕಿವಿಯ ವಿಷಯ ಹೇಳುತ್ತ ಹೋದರೆ ಮುಗಿಯುವುದಿಲ್ಲ. ಒಮ್ಮೆ ಮದುವೆ ಊಟಕ್ಕೆ ಇಬ್ಬರೂ ಪಕ್ಕ ಪಕ್ಕ ಕೂತಿದ್ದೆವು. ಹೋಳಿಗೆ ಬಂದಿತ್ತು. ಅವರು ಎಡಗೈಯಲ್ಲಿ ನನ್ನ ಮೊಣಕೈ ಹಿಡಿದು, "ಒಂದ್ ನಿಮಿಷ," ಎಂದು ಎಲೆ ಬಿಟ್ಟು ಎದ್ದೇ ಹೋದರು. ಹೊರಗೆ ಮದುಮಗನ ಕಡೆಯ ಜೀಪು ಹೊರಡುತ್ತಿತ್ತಂತೆ, ಅದರ ಫ್ಯಾನಿನ ಬೆಲ್ಟು ಈಗಲೋ ಆಗಲೋ ಎನ್ನುತ್ತಿತ್ತಂತೆ. ಎಂಜಲು ಕೈಯಲ್ಲೇ ಜೀಪು ನಿಲ್ಲಿಸಿ ಹೇಳಿ ಬಂದರು. ಬರುವಾಗ ಅವರ ಎಲೆಯನ್ನು ಯಾರೋ ಎತ್ತಿಬಿಟ್ಟಿದ್ದರು. "ಹೋಳ್ಗಿ ಹೋಯ್ಲಿ, ಮದುಮಕ್ಕಳ್ ದಾರಿಯಂಗೆ ನಿಂತ್ರೆ ಕಷ್ಟ ಅಲ್ದಾ?" ಎಂದು ನಕ್ಕರು. ನಾನು ಆ ಹೋಳಿಗೆಯ ದುಃಖವನ್ನು ಅವರಿಗಿಂತ ಹೆಚ್ಚು ದಿನ ಅನುಭವಿಸಿದೆ.

ಅವರ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇತ್ತು. ಆಯುಧಪೂಜೆಯ ದಿನ ಗಿರಾಕಿಗಳ ಗಾಡಿಗಳನ್ನೆಲ್ಲ ಅವರೇ ತೊಳೆಯುತ್ತಿದ್ದರು. ಬಾಡಿ ತೊಳೆದರೆ ಯಾರು ಬೇಕಾದರೂ ತೊಳೆಯುತ್ತಾರೆ, ಎಂಜಿನ್ ತೊಳೆಯಬೇಕು ಎನ್ನುವುದು ಅವರ ವಾದ. ಬಾನೆಟ್ ಎತ್ತಿ, ಸೀಮೆಎಣ್ಣೆ ಬ್ರಶ್ಶಿನಲ್ಲಿ ಮಸಿ ಉಜ್ಜಿ, ಬಾವಿಯಿಂದ ಕೊಡಕೊಡ ನೀರು ಸೇದಿ ಮೀಯಿಸುತ್ತಿದ್ದರು. ಆಮೇಲೆ ಎಂಜಿನ್ನಿಗೇ ಕುಂಕುಮ, ಎಂಜಿನ್ನಿಗೇ ಹೂವು. "ವರ್ಷ ಇಡೀ ಅದ್ ನಮ್ಗೆ ದುಡಿತ್ತ್. ಒಂದ್ ದಿನ ಮೀಸ್ರೆ ಎಂತ ಹೋತ್ತ್?" ಎನ್ನುವರು. ಹಳೆಯ ಗಾಡಿಗಳಿಗೆ ಅದರಿಂದ ಏನೂ ಆಗುತ್ತಿರಲಿಲ್ಲ. ಬಿಸಿಲಿಗೆ ಅರ್ಧ ಗಂಟೆ ನಿಲ್ಲಿಸಿದರೆ ಒಣಗಿ ಹೊರಡುತ್ತಿದ್ದವು.

ಆಮೇಲೆ ಹೊಸ ಕಾರುಗಳು ಬಂದವು. ಕಾರ್ಬ್ಯುರೇಟರ್ ಹೋಗಿ ಕಂಪ್ಯೂಟರ್ ಬಂತು, ಜತೆಗೆ ಒಂದಿಷ್ಟು ಸೆನ್ಸರುಗಳು. ಮೇಸ್ತ್ರಿಗೆ ಅವುಗಳ ಮೇಲೆ ದ್ವೇಷ ಇರಲಿಲ್ಲ, ಹೆದರಿಕೆ ಇತ್ತು. ಇಂಗ್ಲಿಷ್ ಓದಲು ಬಾರದು. ವಯಸ್ಸು ಐವತ್ತೈದು ದಾಟಿತ್ತು. ಮಕ್ಕಳಿಲ್ಲ. ಗಾಡಿಗಳೇ ಅವರ ಲೋಕ. "ಗಾಡಿ ನನ್ ಹತ್ರ ಬಾರ್ದೆ ಹೋರೆ ನಾ ಎಂತ ಮಾಡೂದ್ ಮಾಷ್ಟ್ರೆ? ಕಡ್ಲ್ ಕಾಣ್ತಾ ಕೂಕಂಬುದಾ?" ಎಂದು ಒಮ್ಮೆ ಕೇಳಿದ್ದರು. ಹದಿನೈದು ವರ್ಷದ ಪರಿಚಯದಲ್ಲಿ ಅವರಿಗೆ ಬೇಕಾಗಿದ್ದದ್ದು ಅದೊಂದೇ ಎಂದು ನನಗೆ ಈಗ ಅನಿಸುತ್ತದೆ, ಓಡುವ ಗಾಡಿಗಳ ಹತ್ತಿರ ಇರುವುದು ಮತ್ತು ಅವುಗಳ ಬಗ್ಗೆ ಯಾರಾದರೂ ತಮ್ಮನ್ನು ಕೇಳುವುದು.

ಬೈಂದೂರಿನ ಹೆರಿಗೆ ಡಾಕ್ಟ್ರಮ್ಮನ ಹೊಸ ಕಾರು ಅವರ ಪಾಲಿಗೆ ಬಂದದ್ದು ಆ ಹೊತ್ತಿಗೆ. ಡಾಕ್ಟ್ರಮ್ಮ ಹಳೆಯ ಗಿರಾಕಿ, ಮೇಸ್ತ್ರಿಯನ್ನು ಬಿಟ್ಟು ಬೇರೆ ಕಡೆ ಹೋದವರಲ್ಲ. ಕಾರಿನ ಕಾಯಿಲೆ ವಿಚಿತ್ರ. ತಣ್ಣಗಿರುವಾಗ ಸ್ಟಾರ್ಟ್ ಆಗುತ್ತದೆ. ಬಿಸಿಯಾದ ಮೇಲೆ ಆಫ್ ಮಾಡಿದರೆ, ಸೆಲ್ಫ್ ಗರಗರ ತಿರುಗುತ್ತದೆ, ಎಂಜಿನ್ ಏಳುವುದಿಲ್ಲ. ಅರ್ಧ ಗಂಟೆ ಬಿಟ್ಟರೆ ಏನೂ ಆಗಿಲ್ಲ ಎಂಬಂತೆ ಹೊರಡುತ್ತದೆ. ಹೆರಿಗೆಗೆ ಕರೆ ಬಂದಾಗಲೂ ಒಮ್ಮೆ ಕೈಕೊಟ್ಟು, ಡಾಕ್ಟ್ರಮ್ಮ ರಿಕ್ಷಾ ಹತ್ತಿ ಓಡಿದ್ದರು. ಮೇಸ್ತ್ರಿ ಬ್ಯಾಟರಿ ನೋಡಿದರು, ಪ್ಲಗ್ ಬದಲಿಸಿದರು, ಪಂಪ್ ಬಿಚ್ಚಿ ಕಟ್ಟಿದರು. ಸ್ಕ್ರೂಡ್ರೈವರ್ ಕಿವಿಗೆ ಇಟ್ಟು ಇಟ್ಟು ಕಿವಿ ಕೆಂಪಾಯಿತು. ಎಂಜಿನ್ನಿನಲ್ಲಿ ಯಾವ ದೋಷವೂ ಇಲ್ಲ ಎಂದೇ ಕಿವಿ ಹೇಳುತ್ತಿತ್ತು.

ಒಂದು ಭಾನುವಾರ ಸಂಜೆ ಯಡ್ತರೆಯ ನಮ್ಮ ಮನೆಗೆ ಸ್ಕೂಟರಿನಲ್ಲಿ ಬಂದರು. ಬೆಂಚಿನ ತುದಿಯಲ್ಲಿ ಕೂತು, "ಮಾಷ್ಟ್ರೆ, ಸೆನ್ಸರ್ ಅಂದ್ರೆ ಎಂತ? ಮಕ್ಕಳಿಗೆ ಹೇಳಿಕೊಟ್ಟಾಂಗೆ ಹೇಳಿ. ನಂಗೆ ನಾಚ್ಕಿ ಇಲ್ಲೆ," ಎಂದರು.

ಪಾಲಿಟೆಕ್ನಿಕ್ಕಿನ ಗೆಳೆಯರೊಬ್ಬರಿಂದ ನಾನು ಪುಸ್ತಕ ತರಿಸಿ ಓದಿದೆ. ಮುಂದಿನ ಭಾನುವಾರ ಮಗನ ಸೈಕಲ್ಲಿನ ಡೈನಮೋ ಬಿಚ್ಚಿ ಪಾಠಕ್ಕೆ ಕೂತೆ. ಎಂಜಿನ್ನಿನಲ್ಲಿ ಹಲ್ಲಿನ ಚಕ್ರವೊಂದು ತಿರುಗುತ್ತದೆ, ಅದರ ಪಕ್ಕದಲ್ಲಿ ಹೆಬ್ಬೆರಳು ಗಾತ್ರದ ಸೆನ್ಸರ್ ಕೂತಿರುತ್ತದೆ, ಒಳಗೆ ಅಯಸ್ಕಾಂತ ಮತ್ತು ತಂತಿಯ ಸುರುಳಿ. ಒಂದೊಂದು ಹಲ್ಲು ದಾಟಿದಾಗಲೂ ಅದು ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ. ಸುದ್ದಿ ಬಾರದಿದ್ದರೆ ಎಂಜಿನ್ ತಿರುಗುತ್ತಿದೆ ಎಂಬುದೇ ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ಅದು ಪೆಟ್ರೋಲ್ ಬಿಡುವುದಿಲ್ಲ, ಕಿಡಿ ಕೊಡುವುದಿಲ್ಲ. ಬಿಸಿಗೆ ಈ ಸೆನ್ಸರು ಸುಸ್ತಾಗುವುದುಂಟು. ಮೇಸ್ತ್ರಿ ಡೈನಮೋವನ್ನು ತಿರುಗಿಸಿ ತಿರುಗಿಸಿ ಬಲ್ಬು ಮಿಣುಕುವುದನ್ನು ನೋಡಿದರು. ಬಹಳ ಹೊತ್ತಿನ ಮೇಲೆ, "ಹಾಂಗಾರೆ ಸೆಲ್ಫ್ ಹೊಡೆವತಿಗೆ ಮೀಟ್ರಿನ ಆರ್ಪಿಎಂ ಮುಳ್ಳ್ ಸ್ವಲ್ಪ ಆರೂ ಹಂದ್ಕ್ ಅಲ್ದಾ? ಸುದ್ದಿ ಹೋಗ್ದಿದ್ರೆ ಅದ್ ಸತ್ತಾಂಗೆ ಬಿದ್ಕಂಡಿರತ್ತ್," ಎಂದರು. ಮುಳ್ಳು ಅಲುಗಾಡುತ್ತದೆಯೇ ಎಂದು ನೋಡಿ ಸೆನ್ಸರಿನ ಕಾಯಿಲೆ ಹಿಡಿಯುವ ಈ ಉಪಾಯ ಪುಸ್ತಕದಲ್ಲಿ ಇರಲಿಲ್ಲ. ನನ್ನ ತಲೆಗೂ ಹೊಳೆದಿರಲಿಲ್ಲ. ಅಂಥ ವಿದ್ಯಾರ್ಥಿ ನನಗೆ ಶಾಲೆಯಲ್ಲಿ ಸಿಕ್ಕಿದ್ದು ನೆನಪಿಲ್ಲ.

ಮರುದಿನವೇ ಡಾಕ್ಟ್ರಮ್ಮನ ಕಾರನ್ನು ಬಿಸಿಯಾಗುವವರೆಗೆ ಓಡಿಸಿ ತಂದು ನಿಲ್ಲಿಸಿದರು. ನಾನೂ ಶಾಲೆ ಬಿಟ್ಟವನೇ ಹೋಗಿದ್ದೆ. ಸೆಲ್ಫ್ ಹೊಡೆದರೆ ಮುಳ್ಳು ಅಲುಗಾಡಲಿಲ್ಲ. ಮೇಸ್ತ್ರಿ ಹೆಗಲ ಮೇಲಿನ ಬೈರಾಸನ್ನು ತಣ್ಣೀರಿನಲ್ಲಿ ಅದ್ದಿ ಕಾರಿನ ಅಡಿಗೆ ನುಗ್ಗಿ ಸೆನ್ಸರಿಗೆ ಸುತ್ತಿ ಹಿಡಿದರು. ಹತ್ತು ನಿಮಿಷ ಬಿಟ್ಟು, "ಈಗ ಹೊಡಿನಿ," ಎಂದು ಅಡಿಯಿಂದಲೇ ಕೂಗಿದರು. ಮುಳ್ಳು ನಡುಗಿತು, ಎಂಜಿನ್ ಎದ್ದಿತು. ನಾನು ಒಳಗೆ ಕೂತೇ ಚಪ್ಪಾಳೆ ತಟ್ಟಿದೆ.

ಮೇಸ್ತ್ರಿ ಹೊರಗೆ ಬಂದಾಗ ಮುಖ ಬೇರೆಯೇ ಆಗಿತ್ತು. ಸೆನ್ಸರಿನ ವೈರಿನ ತುದಿಯನ್ನು ಬಿಡಿಸಿ ತಂದಿದ್ದರು. ಹಿತ್ತಾಳೆಯ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಅದನ್ನು ನಾಲಿಗೆಗೆ ತಾಗಿಸಿದರು, ಉಗುಳಿದರು.

"ಉಪ್ಪ್," ಎಂದರು.

ನನಗೆ ಮೊದಲು ಅರ್ಥವಾಗಲಿಲ್ಲ. ಅವರು ಬಾವಿಯ ಕಡೆಗೆ ನೋಡುತ್ತಿದ್ದರು. ಆ ವರ್ಷದ ಮಳೆಗಾಲದಲ್ಲಿ ಕಡಲು ಕೊರೆದು ಹಿತ್ತಲವರೆಗೆ ನುಗ್ಗಿತ್ತು, ಬಾವಿಗೂ ಅಲೆ ಬಿದ್ದಿತ್ತು. ಕುಡಿಯುವ ನೀರನ್ನು ಅವರ ಹೆಂಡತಿ ದೂರದ ಮನೆಯಿಂದ ತರುತ್ತಿದ್ದರು. ಆಯುಧಪೂಜೆಗೆ ಎಂಜಿನ್ ಮೀಯಿಸಲು ಮಾತ್ರ ಮೇಸ್ತ್ರಿ ಇದೇ ಬಾವಿಯ ನೀರು ಸೇದಿದ್ದರು, ತೊಳೆಯಲು ಸಾಕು ಎಂದು. ಡಾಕ್ಟ್ರಮ್ಮನ ಕಾರಿನಂಥ ಹೊಸ ಗಾಡಿಗಳು ಆ ದಿನ ಅವರ ಅಂಗಳದಲ್ಲಿ ಏಳೆಂಟು ನಿಂತಿದ್ದವು. ಎಲ್ಲದರ ವೈರಿನ ತುದಿಗಳಿಗೂ ಉಪ್ಪುನೀರು ಕುಡಿಸಿದವರು ಅವರೇ.

"ನಾ ಮಾಡಿದ್ದ್ ಇದ್," ಎಂದರು. "ಎಲ್ಲರಿಗೂ ಹೇಳ್ಕ್."

ಹೇಳಬೇಡಿ ಎಂದೆ ನಾನು. ಒಂದೊಂದೇ ಗಾಡಿ ಬಂದಾಗ ಸುಮ್ಮನೆ ಉಜ್ಜಿ ಸರಿಮಾಡಿದರಾಯಿತು, ಯಾರಿಗೆ ಗೊತ್ತಾಗುತ್ತದೆ ಎಂದು ವಾದಿಸಿದೆ. ಅವರು ಸ್ಕೂಟರ್ ಹತ್ತಿ ಎರಡು ದಿನ ಮನೆಮನೆಗೆ ಹೋದರು. "ನನ್ನ ಬಾವಿ ನೀರ್ ಉಪ್ಪಾಯ್ತ್, ನಿಮ್ಮ ಗಾಡಿ ವೈರ್ ಹಾಳಾತ್ತ್, ತನ್ನಿ, ನಾನೇ ಸರಿ ಮಾಡ್ತೆ," ಎಂದು ಹೇಳಿ ಬಂದರು. ಜನ ಕಾಫಿ ಕೊಟ್ಟು ಕಳಿಸಿದರು. ಮೇಸ್ತ್ರಿ ಪಾಪ ಒಳ್ಳೆಯವರು ಎಂದರು. ಆಮೇಲೆ ಗಾಡಿಗಳನ್ನು ಸೀದಾ ಬ್ರಹ್ಮಾವರದ ಹತ್ತಿರದ ಕಂಪನಿ ಸರ್ವೀಸಿಗೆ ಒಯ್ದರು. ಡಾಕ್ಟ್ರಮ್ಮನ ಕಾರಿನ ಸೆನ್ಸರಿನೊಳಗೇ ಉಪ್ಪು ಇಳಿದಿತ್ತು, ಹೊಸದೇ ಬೇಕಾಗಿತ್ತು, ಕಂಪನಿಯವರು ಅದನ್ನು ಹೊರಗಿನ ಗ್ಯಾರೇಜಿಗೆ ಕೊಡುತ್ತಿರಲಿಲ್ಲ, ಹಾಗಾಗಿ ಅವರೂ ಹೋದರು. ಕಾಯಿಲೆ ಕಂಡುಹಿಡಿದದ್ದು ಮೇಸ್ತ್ರಿ ಎಂಬುದನ್ನು ಯಾರೂ ನೆನಪಿಡಲಿಲ್ಲ. ಕಾಯಿಲೆ ತಂದದ್ದು ಮೇಸ್ತ್ರಿ ಎಂಬುದು ಬೈಂದೂರಿನಿಂದ ಕುಂದಾಪುರದವರೆಗೆ ಎಲ್ಲರಿಗೂ ಗೊತ್ತಾಯಿತು.

ಗ್ಯಾರೇಜಿನಲ್ಲಿ ಗರಟೆಗಳು ಖಾಲಿ ಬಿದ್ದಿದ್ದವು. ಒಂದೆರಡು ವರ್ಷ ಹಳೆಯ ಟೆಂಪೋ, ಮೀನಿನ ವ್ಯಾನು ಎಂದು ಹೇಗೋ ಎಳೆದರು. ರಸ್ತೆ ಅಗಲ ಮಾಡುವವರು ಬಂದು ಗ್ಯಾರೇಜಿನ ಕಂಬಗಳಿಗೆ ಕೆಡವುವ ಕೆಂಪು ಗುರುತು ಹಾಕಿ ಹೋದಾಗ, ಅವರಿಗೆ ಅದರಿಂದ ಹೆಚ್ಚೇನೂ ನಷ್ಟವಾದ ಹಾಗೆ ಕಾಣಲಿಲ್ಲ.

ನಾನು ಹೊಸ ಕಾರು ಕೊಂಡೆ. ಮೇಸ್ತ್ರಿಯ ಹತ್ತಿರ ಹೇಳದೆಯೇ ಕೊಂಡೆ. ಮೊದಲ ಸರ್ವೀಸಿಗೆ ಬ್ರಹ್ಮಾವರಕ್ಕೆ ಹೋದರೆ ಗೇಟಿನಲ್ಲಿ ನೀಲಿ ಅಂಗಿ, ನೀಲಿ ಟೊಪ್ಪಿ ಹಾಕಿಕೊಂಡ ಕಾವಲಿನವರೊಬ್ಬರು ಸರಪಳಿ ಇಳಿಸಿ ಸಲಾಂ ಹೊಡೆದರು. ಟೊಪ್ಪಿಯ ಕೆಳಗೆ ಮೇಸ್ತ್ರಿಯ ಮುಖ. ನನಗೆ ಕಾರಿನಿಂದ ಇಳಿಯಲೂ ಆಗಲಿಲ್ಲ, ಮುಂದೆ ಹೋಗಲೂ ಆಗಲಿಲ್ಲ.

"ಹ್ವಾಯ್ ಮಾಷ್ಟ್ರೆ, ಒಳ್ಗ್ ಹೋಯ್ನಿ, ಹಿಂದ್ ಗಾಡಿ ನಿಂತಿತ್ತ್," ಎಂದು ನಕ್ಕರು.

ಮರವಂತೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಹತ್ತಿರದಲ್ಲೇ ಬೇರೆ ಕೆಲಸ ಸಿಗುತ್ತಿರಲಿಲ್ಲವೇ ಎಂದು ಕೇಳಿದೆ. ಸಿಗುತ್ತಿತ್ತು, ಒಂದು ಹೋಟೆಲಿನಲ್ಲಿ, ಒಂದು ಬ್ಯಾಂಕಿನ ಬಾಗಿಲಲ್ಲಿ. "ಅಲ್ಲ್ ಗಾಡಿ ಸ್ವರ ಕೇಂತಿಲ್ಲೆ ಮಾರ್ರೆ," ಎಂದರು. ಗೇಟಿನಿಂದ ಒಳಗೆ ಬರುವ ಒಂದೊಂದು ಗಾಡಿಯನ್ನೂ ಅವರು ಕೇಳುತ್ತಿದ್ದರು. ಯಾವುದರ ಬೇರಿಂಗ್ ಹೋಗಿದೆ, ಯಾವುದರ ಕ್ಲಚ್ಚು ಮುಗಿಯುತ್ತ ಬಂದಿದೆ ಎಂದು ತಮ್ಮಷ್ಟಕ್ಕೆ ಲೆಕ್ಕ ಹಾಕುತ್ತಿದ್ದರು. ಸಂಜೆ ಅದೇ ಗಾಡಿ ಹೊರಗೆ ಹೋಗುವಾಗ ಸ್ವರ ಬದಲಾಗಿದೆಯೇ ಎಂದು ನೋಡಿ ತಮ್ಮ ಲೆಕ್ಕ ಸರಿಯಾಯಿತೋ ಇಲ್ಲವೋ ತಿಳಿಯುತ್ತಿದ್ದರು. ಇದನ್ನೆಲ್ಲ ನನಗೆ ಹೇಳುವಾಗ ಅವರು ಸಂತೋಷವಾಗಿಯೇ ಇದ್ದರು. ಆದರೆ ಯಾರಿಗೂ ಒಂದು ಮಾತು ಹೇಳುವ ಹಾಗಿರಲಿಲ್ಲ. ಕಾವಲಿನವರು ಗಿರಾಕಿಗಳ ಹತ್ತಿರ ಗಾಡಿಯ ವಿಷಯ ಮಾತಾಡಬಾರದು ಎಂದು ಅವರನ್ನು ಕೆಲಸಕ್ಕೆ ಕಳಿಸಿದ ಏಜೆನ್ಸಿಯ ನಿಯಮ.

ಎರಡು ವರ್ಷದ ಮೇಲೆ ನನ್ನ ಕಾರಿಗೆ ಬಿಸಿಯಾದಾಗ ಏಳದ ಕಾಯಿಲೆ ಬಂತು. ಸರ್ವೀಸಿನವರು ಲ್ಯಾಪ್‌ಟಾಪ್ ಸಿಕ್ಕಿಸಿ ನೋಡಿ ಯಾವ ದೋಷವೂ ತೋರಿಸುವುದಿಲ್ಲ ಎಂದರು. ಬ್ಯಾಟರಿ ಬದಲಿಸಿದರು. ಮತ್ತೆ ಬಂದೆ. ಪಂಪ್ ಬದಲಿಸಿದರು. ಮೂರನೆಯ ಸಲ ಬಂದಾಗ, ಬಿಸಿಯಾದರೆ ಏಳುವುದಿಲ್ಲ ಎಂಬ ನನ್ನ ಗೋಳು ಕೇಳಿ, ಗೇಟಿನಲ್ಲಿ ಸರಪಳಿ ಇಳಿಸುತ್ತ ಮೇಸ್ತ್ರಿ ಕಿಟಕಿಯ ಹತ್ತಿರ ಬಗ್ಗಿದರು.

"ಮಾಷ್ಟ್ರೆ, ಮುಳ್ಳ್ ಹಂದತ್ತಾ?"

ಆರ್ಪಿಎಂ ಮುಳ್ಳು ಅಲುಗಾಡಿರಲೇ ಇಲ್ಲ. ನಾನು ತಲೆ ಚಚ್ಚಿಕೊಂಡೆ. ನನ್ನ ಮನೆಯ ಬೆಂಚಿನ ಮೇಲೆ ಕಲಿತದ್ದನ್ನು ಅವರು ಮರೆತಿರಲಿಲ್ಲ, ಕಲಿಸಿದ ನಾನು ಮರೆತಿದ್ದೆ.

"ಸೆನ್ಸರ್ ಬದ್ಲ್ಸುಕ್ ಹೇಳಿ. ನಾ ಹೇಳ್ದೆ ಅಂದ್ಹೇಳಿ ಮಾತ್ರ ಹೇಳ್ಬೇಡಿ, ಆಯ್ತಾ?"

"ಆಯ್ತು," ಎಂದೆ.

ಸೆನ್ಸರ್ ಬದಲಿಸಿದರು, ಕಾರು ಸರಿಯಾಯಿತು. ಅಲ್ಲಿಗೆ ಕೀಲಿ ತೆಗೆದುಕೊಂಡು ಮನೆಗೆ ಬರಬಹುದಿತ್ತು. ಮ್ಯಾನೇಜರ್ ಹುಡುಗ, "ಸಾರ್, ನಿಮಗೆ ಹೇಗೆ ಗೊತ್ತಾಯಿತು?" ಎಂದು ಕೇಳಿದ. ಮೂರು ಸಲ ಓಡಾಡಿಸಿದ ಸಿಟ್ಟು ನನಗೆ. ಸುತ್ತ ಹತ್ತು ಗಿರಾಕಿಗಳು ಕೂತಿದ್ದರು. ಕ್ಲಾಸಿನಲ್ಲಿ ಮಾತಾಡುವ ಸ್ವರದಲ್ಲಿಯೇ ಹೇಳಿದೆ: "ನಿಮ್ಮ ಲ್ಯಾಪ್‌ಟಾಪಿಗಿಂತ ನಿಮ್ಮ ಗೇಟಿನಲ್ಲಿ ನಿಂತವರು ಮೇಲು. ಅವರನ್ನು ಒಳಗೆ ಕರೆದು ಕೂರಿಸಿ, ಗೇಟಿಗೆ ಬೇರೆ ಯಾರನ್ನಾದರೂ ನಿಲ್ಲಿಸಿ!" ಒಂದಿಬ್ಬರು ನಕ್ಕರು. ಒಬ್ಬರು ಆಗಲೇ ಎದ್ದು ಗೇಟಿನ ಕಡೆಗೆ ಹೊರಟರು, ತಮ್ಮ ಕಾರಿನದೂ ಕೇಳೋಣ ಎಂದು. ಮೇಸ್ತ್ರಿಗೆ ಒಳ್ಳೆಯದು ಮಾಡಿದೆ ಎಂದೇ ನಾನು ನಂಬಿದ್ದೆ. ದಾರಿಯಿಡೀ ಅವರನ್ನು ಕಂಪನಿಯ ಅಂಗಿಯಲ್ಲಿ, ಕೈಯಲ್ಲಿ ಸ್ಪಾನರ್ ಹಿಡಿದಂತೆ ಕಲ್ಪಿಸಿಕೊಂಡು ಖುಷಿಪಟ್ಟೆ. ಅಷ್ಟು ದಡ್ಡ ನಾನು.

ಮುಂದಿನ ಸಲ ಹೋದಾಗ ಗೇಟಿನಲ್ಲಿ ಬೇರೆಯವರಿದ್ದರು. ಮೊದಲಿನವರನ್ನು ಮರುದಿನವೇ ತೆಗೆದರಂತೆ. ಗಿರಾಕಿಗಳು ಒಳಗೆ ಬರುವ ಮೊದಲೇ ಗೇಟಿನಲ್ಲಿ ಗಾಡಿ ನಿಲ್ಲಿಸಿ ಅವರನ್ನೇ ಕೇಳತೊಡಗಿದ್ದರಂತೆ.

ಒಂದೂವರೆ ವರ್ಷ ನಾನು ಮರವಂತೆಯಲ್ಲಿ ಕಾರು ನಿಲ್ಲಿಸಲಿಲ್ಲ. ಅವರ ಮನೆ ಬಂದಾಗ ಹೊಳೆಯ ಕಡೆಗೆ ಮುಖ ತಿರುಗಿಸಿ ದಾಟುತ್ತಿದ್ದೆ. ಕೊನೆಗೆ ಒಂದು ದಿನ ಮನಸ್ಸು ಗಟ್ಟಿಮಾಡಿ ಹೋದೆ. ಗ್ಯಾರೇಜಿದ್ದ ಜಾಗದಲ್ಲಿ ಜಲ್ಲಿಯ ರಾಶಿ ಇತ್ತು. ಅವರು ಜಗಲಿಯಲ್ಲಿ ಗೋಣಿ ಹಾಸಿಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಉಗುರುಗಳು ಬೆಳ್ಳಗಿದ್ದವು. ಅವರ ಉಗುರನ್ನು ಹಾಗೆ ನಾನು ಎಂದೂ ಕಂಡಿರಲಿಲ್ಲ. ತಪ್ಪಾಯಿತು ಎಂದೆ. "ಬಿಡಿ ಮಾಷ್ಟ್ರೆ, ಅದ್ ಇದ್ದದ್ದೇ," ಎಂದರು. ಹೆಂಡತಿಯನ್ನು ಕರೆದು ಕಾಫಿ ಮಾಡಿಸಿದರು. ಮೀನಿನ ವಿಷಯ, ಮಳೆಯ ವಿಷಯ ಮಾತಾಡಿದೆವು. ಗಾಡಿಯ ವಿಷಯ ಇಬ್ಬರೂ ಎತ್ತಲಿಲ್ಲ.

ಹೊರಡಲು ಎದ್ದು ಕೀಲಿ ತಿರುಗಿಸಿದರೆ ಕಾರು ಏಳಲಿಲ್ಲ. ಒಂದು ಸಣ್ಣ ಕಟಕಟ ಶಬ್ದ, ಅಷ್ಟೇ. ಮತ್ತೆ ತಿರುಗಿಸಿದೆ. ಜಗಲಿಯಲ್ಲಿ ಮೇಸ್ತ್ರಿಯ ಕುತ್ತಿಗೆ ಉದ್ದವಾಯಿತು, ಒಂದು ಕಣ್ಣು ಮುಚ್ಚಿತು. ನನಗೆ ಜೀವ ಬಂದಂತಾಯಿತು. ದೇವರೇ ಕಾರನ್ನು ನಿಲ್ಲಿಸಿದ, ಈಗ ಕೇಳುತ್ತೇನೆ, ಅವರು ಹೇಳುತ್ತಾರೆ, ಎಲ್ಲ ಮೊದಲಿನಂತಾಗುತ್ತದೆ ಎಂದುಕೊಂಡೆ.

"ಎಂತ ಆದ್ದ್ ಮೇಸ್ತ್ರಿಗಳೇ?" ಎಂದು ಕೂಗಿ ಕೇಳಿದೆ, ಅವರದೇ ಮಾತಿನಲ್ಲಿ.

ಅವರು ತಲೆ ತಗ್ಗಿಸಿ ಹುಣಸೆಹಣ್ಣು ಕೈಗೆತ್ತಿಕೊಂಡರು. "ನಂಗ್ ಗೊತ್ತಾತಿಲ್ಲೆ ಮಾಷ್ಟ್ರೆ. ಕಂಪ್ನಿಗೆ ಫೋನ್ ಮಾಡಿ."

ಕಂಪನಿಯ ಗಾಡಿ ಬರಲು ಎರಡು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವರು ನನ್ನ ಜತೆಗೇ ಕೂತಿದ್ದರು, ಇನ್ನೊಮ್ಮೆ ಕಾಫಿ ಕೊಟ್ಟರು. ಎಳೆದೊಯ್ಯುವ ಗಾಡಿ ಬಂದಾಗ ರಸ್ತೆಗೆ ಇಳಿದು, ಕೈ ಅಡ್ಡ ಹಿಡಿದು ಲಾರಿ ಬಸ್ಸುಗಳನ್ನು ನಿಲ್ಲಿಸಿ ದಾರಿ ಮಾಡಿಕೊಟ್ಟರು.

ಮರುದಿನ ಫೋನ್ ಬಂತು. ಬ್ಯಾಟರಿಯ ಮೇಲಿನ ಒಂದು ನಟ್ಟು ಸಡಿಲವಾಗಿತ್ತಂತೆ, ಬೇರೇನೂ ಇಲ್ಲವಂತೆ. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗರಿಗೂ ಗೊತ್ತಾಗುವ ಶಬ್ದ ಅದು. ತನ್ನ ಬಾವಿಯ ಉಪ್ಪನ್ನು ಮನೆಮನೆಗೆ ಹೋಗಿ ಒಪ್ಪಿಕೊಂಡ ಆ ಮನುಷ್ಯ ನನಗೆ ಹೇಳಿದ ಸುಳ್ಳು ಅದೊಂದೇ, ಗೊತ್ತಾಗುವುದಿಲ್ಲ ಎಂದದ್ದು. ಅದನ್ನು ಅವರಿಗೆ ಕಲಿಸಿದವನು ನಾನು.